ಕಬ್ಬಿಣದ ನೇಗಿಲಿನ ಲಕ್ಷ್ಮಣರಾಯರು

ಮೀರಜದಿಂದ ಪುಣೆಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತರೆ ಸಾಂಗಲಿ, ಭಿಲವಡಿ ದಾಟಿದ ಮೇಲೆ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಬರುತ್ತದೆ. ಇದು ನಮ್ಮದೇ ಸಾಂಗಲಿ ಜಿಲ್ಲೆಯ ಊರು. ನಿಮ್ಮಲ್ಲಿ ಹಲವರು ಆ ದಾರಿಯಲ್ಲಿ ಹೋಗಿ ಬಂದಿದ್ದೀರಿ. ಆದರೆ 1910ನೆಯ ಇಸವಿಗಿಂತ ಮೊದಲು ಈ ಹೆಸರಿನ ಊರೇ ಇರಲಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತಿದೆ? ಆಗ ಆ ನಿಲ್ದಾಣಕ್ಕೆ ಕುಂಡಲ ರೋಡ ಎಂದು ಹೆಸರಿತ್ತು. ಸುತ್ತಲೂ ಡಬಗಳ್ಳಿ ಬೆಳೆದ ಬರಡು ನೆಲ. ಹಾವುಗಳ ವಾಸಸ್ಥಾನ. ಅಂಥ ನೆಲದ ಮೇಲೆ ಒಂದು ಕಾರಖಾನೆಯನ್ನೂ ಒಂದು ಊರನ್ನೂ ಕಟ್ಟಿದ ಪುರುಷನೇ ಲಕ್ಷ್ಮಣರಾವ ಕಿರ್ಲೋಸ್ಕರ.

ಮರಾಠಿಯಲ್ಲಿ ಇವರನ್ನು ಕುರಿತು ಬಹಳಷ್ಟು ಬರೆದಿದ್ದಾರೆ. ಆದರೆ ಇವರು ಹುಟ್ಟಿದ್ದು ಕನ್ನಡ ನೆಲದಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಯ ಮಾತು ಮರಾಠಿ, ಊರಿನ ಮಾತು ಕನ್ನಡ. ನಮ್ಮ ಹಾಗೆಯೇ ಎರಡು ಭಾಷೆಗಳ ನಡುವೆ ಬೆಳೆದವರು. ಆದ್ದರಿಂದ ಅವರ ಜೀವನವನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಓದಬೇಕೆಂಬುದು ನನ್ನ ಆಸೆ.

ಲಕ್ಷ್ಮಣರಾಯರ ಜನನ 1869ನೆಯ ಇಸವಿ ಜೂನ್ 20ರಂದು ಆಯಿತು. ತಂದೆ ಕಾಶೀನಾಥಪಂತರು ವೇದಾಂತವನ್ನು ಬಲ್ಲ ಪಂಡಿತರು. ಮರಾಠಿ ಸಂಗೀತ ನಾಟಕಕ್ಕೆ ಹೆಸರು ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಇದೇ ಗುರ್ಲಹೊಸೂರಿನಲ್ಲಿಯೇ. ಇಂಥ ಮನೆತನದ ಹುಡುಗ ಓದಿ ಪಂಡಿತನಾಗಬೇಕು ಅಥವಾ ಸರಕಾರಿ ನೌಕರಿ ಹಿಡಿಯಬೇಕು ಎಂದು ಹಿರಿಯರು ಬಯಸುವುದು ಸಹಜ. ಆದರೆ ಈ ಹುಡುಗನ ಮನಸ್ಸು ಶಾಲೆಯ ಪಾಠದಲ್ಲಿ ನಿಲ್ಲಲಿಲ್ಲ. ಅವನಿಗೆ ಎರಡೇ ವಿಷಯಗಳಲ್ಲಿ ಒಲವು. ಒಂದು ಚಿತ್ರ ಬರೆಯುವುದು, ಇನ್ನೊಂದು ಯಂತ್ರಗಳು ಹೇಗೆ ನಡೆಯುತ್ತವೆ ಎಂದು ನೋಡುವುದು.

ಚಿತ್ರ ಕಲಿಯಲು ಮುಂಬಯಿಗೆ ಹೋಗುತ್ತೇನೆಂದಾಗ ತಂದೆಗೆ ಅದು ಒಪ್ಪಿಗೆಯಾಗಲಿಲ್ಲ. ಹಿರಿಯ ಅಣ್ಣ ರಾಮಚಂದ್ರರಾಯರು, ಮನೆಯವರೆಲ್ಲ ರಾಮುಅಣ್ಣ ಎಂದು ಕರೆಯುತ್ತಿದ್ದವರು, ತಮ್ಮನ ಬೆನ್ನಿಗೆ ನಿಂತರು. ಅಣ್ಣನ ಸಹಾಯದಿಂದ 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷ ಕಷ್ಟಪಟ್ಟು ಕಲಿತರು. ಆಗ ಒಂದು ಆಘಾತ ಕಾದಿತ್ತು. ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯುತ್ತಿರಲಿಲ್ಲ. ಹುಟ್ಟಿನಿಂದಲೇ ಬಂದ ದೋಷ. ಚಿತ್ರಕಾರನಾಗಬೇಕೆಂದು ತಂದೆಯ ಮಾತನ್ನೂ ಮೀರಿ ಬಂದ ತರುಣನಿಗೆ ಬಣ್ಣಗಳೇ ಕೈಕೊಟ್ಟವು.

ಇಲ್ಲಿ ಸ್ವಲ್ಪ ನಿಂತು ವಿಚಾರ ಮಾಡಿರಿ. ಬೇರೆ ಯಾರಾದರೂ ಆಗಿದ್ದರೆ ಊರಿಗೆ ಮರಳಿ, ದೈವವನ್ನು ಹಳಿಯುತ್ತ ಕುಳಿತುಕೊಳ್ಳಬಹುದಾಗಿತ್ತು. ಲಕ್ಷ್ಮಣರಾಯರು ತಮ್ಮ ಕೈಯಲ್ಲಿ ಏನು ಉಳಿದಿದೆ ಎಂಬುದನ್ನು ನೋಡಿದರು. ಬಣ್ಣ ಹೋಯಿತು, ಆದರೆ ರೇಖೆ ಉಳಿದಿತ್ತು. ಯಂತ್ರಗಳ ನಕ್ಷೆ ತೆಗೆಯಲು ಬಣ್ಣದ ಅಗತ್ಯವಿಲ್ಲ. ಅದಕ್ಕೆ ಬೇಕಾದದ್ದು ಸ್ಥಿರವಾದ ಕೈ ಮತ್ತು ಸರಿಯಾದ ಅಳತೆ. ಅವರು ಯಂತ್ರಗಳ ರೇಖಾಚಿತ್ರವನ್ನು ಕಲಿತು, ಅದೇ ವೇಳೆಗೆ ಹೊಸದಾಗಿ ಆರಂಭವಾಗಿದ್ದ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು. ಪಾಠ ಮುಗಿದ ಮೇಲೆ ಸಂಸ್ಥೆಯ ಕಾರ್ಯಾಗಾರದಲ್ಲಿ ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ನೋಡುತ್ತ, ಮಾಡುತ್ತ ಕಲಿತರು. ಅಮೇರಿಕೆಯಿಂದ ಬರುತ್ತಿದ್ದ ಯಂತ್ರವಿಷಯದ ಮಾಸಪತ್ರಿಕೆಗಳನ್ನು ತಾವಾಗಿಯೇ ಓದಿ ಅರ್ಥ ಮಾಡಿಕೊಂಡರು.

ಅದು ಸೈಕಲ್ಲು ನಮ್ಮ ದೇಶಕ್ಕೆ ಹೊಸದಾಗಿ ಬಂದ ಕಾಲ. ಮುಂಬಯಿಯ ಬೀದಿಯಲ್ಲಿ ಅದನ್ನು ಕಂಡ ಲಕ್ಷ್ಮಣರಾಯರಿಗೆ ಅದರಲ್ಲಿ ಒಂದು ವ್ಯಾಪಾರ ಕಾಣಿಸಿತು. ಅವರು ಮುಂಬಯಿಯಲ್ಲಿ ಸೈಕಲ್ಲು ಕೊಂಡು ಬೆಳಗಾವಿಗೆ ಕಳಿಸುವರು. ರಾಮುಅಣ್ಣ ಅಲ್ಲಿ ಮಾರುವರು. ಆದರೆ ಏರಲು ಬಾರದವನು ಸೈಕಲ್ಲನ್ನು ಕೊಂಡು ಏನು ಮಾಡಬೇಕು? ಆದ್ದರಿಂದ ಮಾರುವುದರ ಜೊತೆಗೆ ಸೈಕಲ್ಲು ಹೊಡೆಯುವುದನ್ನೂ ಕಲಿಸಿಕೊಟ್ಟರು. ಈ ಮಾತು ಚಿಕ್ಕದಾಗಿ ಕಾಣುತ್ತದೆ. ಆದರೆ ಲಕ್ಷ್ಮಣರಾಯರ ಇಡೀ ಉದ್ಯೋಗದ ಬೀಜ ಇದರಲ್ಲಿಯೇ ಇದೆ. ಹೊಸ ವಸ್ತುವನ್ನು ಜನರ ಮುಂದೆ ಇಟ್ಟರೆ ಸಾಲದು, ಅದನ್ನು ಬಳಸುವ ಬಗೆಯನ್ನೂ ಅವರ ಕೈಗೆ ಕೊಡಬೇಕು ಎಂಬುದನ್ನು ಅಣ್ಣತಮ್ಮಂದಿರು ಆಗಲೇ ಕಂಡುಕೊಂಡರು. ಕಿರ್ಲೋಸ್ಕರ ಬಂಧುಗಳು ಎಂಬ ಹೆಸರು ಈ ಇಬ್ಬರಿಂದಲೇ ಬಂದದ್ದು.

ಮುಂಬಯಿಯ ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ಬಡತಿ ಸಿಗಬೇಕಾಗಿತ್ತು. ಆದರೆ ಆ ಜಾಗವನ್ನು ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಕೊಡಲಾಯಿತು. ಪರಕೀಯರ ಆಳ್ವಿಕೆಯಲ್ಲಿ ಇಂಥ ಅನ್ಯಾಯಗಳು ಹೊಸದಾಗಿರಲಿಲ್ಲ. ಹಲವರು ನುಂಗಿಕೊಂಡು ನೌಕರಿಯಲ್ಲಿ ಮುಂದುವರಿಯುತ್ತಿದ್ದರು. ಲಕ್ಷ್ಮಣರಾಯರು 1897ರಲ್ಲಿ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಇನ್ನು ಮುಂದೆ ಯಾರ ಕೈಕೆಳಗೂ ನೌಕರಿ ಮಾಡುವುದಿಲ್ಲವೆಂದು ನಿಶ್ಚಯಿಸಿದರು. ಸೈಕಲ್ ಅಂಗಡಿಯಿದ್ದ ಆ ರಸ್ತೆಗೆ ಇಂದಿಗೂ ಬೆಳಗಾವಿಯಲ್ಲಿ ಕಿರ್ಲೋಸ್ಕರ ರಸ್ತೆ ಎಂದೇ ಹೆಸರು.

ಬೆಳಗಾವಿಯಲ್ಲಿ ಅಣ್ಣತಮ್ಮಂದಿರು ಸೈಕಲ್ಲಿನ ಜೊತೆಗೆ ಪರದೇಶದ ಗಾಳಿಯಂತ್ರಗಳನ್ನೂ ಮಾರಿದರು. ಆದರೆ ಬೇರೆಯವರು ಮಾಡಿದ ವಸ್ತುವನ್ನು ತಂದು ಮಾರುವುದರಲ್ಲಿ ಲಕ್ಷ್ಮಣರಾಯರಿಗೆ ಸಮಾಧಾನವಿರಲಿಲ್ಲ. ತಾವೇ ಏನಾದರೂ ತಯಾರಿಸಬೇಕು. ಏನನ್ನು ತಯಾರಿಸುವುದು? ಅವರು ಶ್ರೀಮಂತರ ದಿವಾಣಖಾನೆಯ ಕಡೆಗೆ ನೋಡಲಿಲ್ಲ, ಒಕ್ಕಲಿಗನ ಕೊಟ್ಟಿಗೆಯ ಕಡೆಗೆ ನೋಡಿದರು.

ನಮ್ಮ ಕಡೆಯ ದನಗಳಿಗೆ ಮುಖ್ಯ ಮೇವು ಜೋಳದ ಕಣಿಕೆ. ಇಡೀ ಕಣಿಕೆಯನ್ನು ಮುಂದೆ ಹಾಕಿದರೆ ದನ ಎಲೆಯನ್ನೂ ತುದಿಯನ್ನೂ ತಿಂದು ಬುಡದ ದಪ್ಪ ದಂಟನ್ನು ತುಳಿದು ಬಿಡುತ್ತದೆ. ಅದನ್ನೇ ಸಣ್ಣಗೆ ಕತ್ತರಿಸಿ ಹಾಕಿದರೆ ಎಲ್ಲವನ್ನೂ ತಿನ್ನುತ್ತದೆ. ಬರಗಾಲದಲ್ಲಿ ಇದರ ಬೆಲೆ ಏನೆಂದು ನಿಮ್ಮ ಪಾಲಕರಿಗೆ ನಾನು ಹೇಳಬೇಕಾಗಿಲ್ಲ. ಚಕ್ರಕ್ಕೆ ಅಲಗುಗಳನ್ನು ಕೂಡಿಸಿ, ಕೈಯಿಂದ ತಿರುಗಿಸಿ ಮೇವು ಕತ್ತರಿಸುವ ಒಂದು ಯಂತ್ರವನ್ನು ಲಕ್ಷ್ಮಣರಾಯರು ತಯಾರಿಸಿದರು. ಅವರ ಚಿಕ್ಕ ಕಾರ್ಯಾಗಾರದಿಂದ ಹೊರಬಂದ ಮೊದಲ ಒಕ್ಕಲುತನದ ಯಂತ್ರ ಇದು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಇದನ್ನು ಮಾರಿದರು.

ಇದರ ನಂತರ ಬಂದದ್ದೇ ಕಬ್ಬಿಣದ ನೇಗಿಲು. ಲಕ್ಷ್ಮಣರಾಯರ ನಿಜವಾದ ಪರೀಕ್ಷೆ ಇಲ್ಲಿಂದ ಶುರುವಾಯಿತು.

ನಮ್ಮ ಹಿರಿಯರ ಕಟ್ಟಿಗೆಯ ನೇಗಿಲನ್ನು ನಿಮ್ಮಲ್ಲಿ ಕೆಲವರು ಹಿತ್ತಲಿನಲ್ಲಿಯಾದರೂ ನೋಡಿರಬಹುದು. ಅದು ನೆಲವನ್ನು ಗೀರಿ ಸಾಲು ಬಿಡಿಸುತ್ತದೆ, ಮಣ್ಣನ್ನು ಮಗುಚುವುದಿಲ್ಲ. ಎರಡು ಸಾಲುಗಳ ನಡುವೆ ಉಳಿದ ನೆಲವನ್ನು ಒಡೆಯಲು ಮತ್ತೆ ಅಡ್ಡ ಹೊಡೆಯಬೇಕು. ಎರೆ ಹೊಲದಲ್ಲಿ ಆಳಕ್ಕೆ ಬೇರು ಬಿಟ್ಟ ಕರಿಕೆ ಅದಕ್ಕೆ ಜಗ್ಗುವುದಿಲ್ಲ. ಕಬ್ಬಿಣದ ನೇಗಿಲಿನ ರಚನೆಯೇ ಬೇರೆ. ಮುಂದಿನ ಕುಳ ನೆಲವನ್ನು ಆಳವಾಗಿ ಕೊಯ್ಯುತ್ತದೆ. ಹಿಂದಿನ ಬಾಗಿದ ಹಲಗೆ ಆ ಮಣ್ಣನ್ನು ಎತ್ತಿ ಪಕ್ಕಕ್ಕೆ ಮಗುಚಿ ಹಾಕುತ್ತದೆ. ಕಸ ಅಡಿಗೆ ಹೋಗುತ್ತದೆ, ಅಡಿಯ ಮಣ್ಣು ಮೇಲೆ ಬಂದು ಬಿಸಿಲು ಕಾಯುತ್ತದೆ. ಇಂಥ ನೇಗಿಲುಗಳು ಆಗ ಇಂಗ್ಲಂಡದಿಂದ ಬರುತ್ತಿದ್ದವು. ಅವುಗಳನ್ನು ನೋಡಿ, ನಮ್ಮ ನೆಲಕ್ಕೂ ನಮ್ಮ ಎತ್ತುಗಳಿಗೂ ಒಪ್ಪುವ ನೇಗಿಲನ್ನು ಬೆಳಗಾವಿಯಲ್ಲಿಯೇ ಮಾಡಬೇಕೆಂದು ಲಕ್ಷ್ಮಣರಾಯರು ಹೊರಟರು.

ನೇಗಿಲುಗಳೇನೋ ತಯಾರಾದವು. ಕೊಳ್ಳುವವರೇ ಇಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ, ಬೆಳೆ ಬರುವುದಿಲ್ಲ ಎಂದು ಒಕ್ಕಲಿಗರು ನಂಬಿದ್ದರು. ಒಂದಲ್ಲ, ಎರಡು ವರ್ಷ ಆ ನೇಗಿಲುಗಳು ಹಾಗೆಯೇ ಬಿದ್ದಿದ್ದವು. ಕೈಯಲ್ಲಿದ್ದ ಹಣವೆಲ್ಲ ಕಬ್ಬಿಣದಲ್ಲಿ ಹೂತು ಹೋಗಿತ್ತು.

ಮಿತ್ರರೆ, ಆ ಒಕ್ಕಲಿಗರನ್ನು ನೋಡಿ ನಾವು ಇಂದು ನಗುವುದು ಸುಲಭ. ಆದರೆ ಅವರ ಸ್ಥಾನದಲ್ಲಿ ನಿಂತು ನೋಡಬೇಕು. ಅವರಿಗೆ ಇದ್ದದ್ದು ಒಂದು ತುಂಡು ಹೊಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಸಾಲ. ಪೇಟೆಯವನೊಬ್ಬ ಹೊಸದೇನೋ ತಂದು ಇದರಿಂದ ಹೊಲ ಉಳು ಎಂದರೆ ಅವರು ಹೇಗೆ ನಂಬಬೇಕು? ಅವನ ಮಾತು ಸುಳ್ಳಾದರೆ ನಷ್ಟ ಅವನಿಗಲ್ಲ, ಹೊಲದವನಿಗೆ. ಒಂದು ವರ್ಷದ ಬೆಳೆ ಹೋದರೆ ಮನೆಯ ಮಕ್ಕಳು ಉಪವಾಸ. ಆದ್ದರಿಂದ ಅವರ ಹಿಂಜರಿಕೆಯಲ್ಲಿ ಮೂಢನಂಬಿಕೆಯ ಜೊತೆಗೆ ಒಂದು ನ್ಯಾಯವಾದ ಭಯವೂ ಇತ್ತು. ಆ ಭಯಕ್ಕೆ ಉತ್ತರ ಕೊಡುವ ಹೊಣೆ ಮಾರುವವನದು.

ಲಕ್ಷ್ಮಣರಾಯರು ಈ ಹೊಣೆಯನ್ನು ಹೊತ್ತುಕೊಂಡರು. ಕೊಳ್ಳದವರನ್ನು ಹಳಿಯದೆ ತಮ್ಮ ನೇಗಿಲನ್ನು ತಿದ್ದುತ್ತ ಹೋದರು. ನೇಗಿಲಿನ ಜೀವವೇ ಕುಳ. ಎರಕದ ಕಬ್ಬಿಣ ಮೆತ್ತಗಾದರೆ ಕುಳ ಕಲ್ಲುನೆಲದಲ್ಲಿ ಬೇಗ ಸವೆಯುತ್ತದೆ. ಬಹಳ ಗಡುಸಾದರೆ ಕಲ್ಲಿಗೆ ತಾಗಿ ಮುರಿಯುತ್ತದೆ. ಇವೆರಡರ ನಡುವಿನ ಹದ ಪುಸ್ತಕ ಓದಿದ ಮಾತ್ರಕ್ಕೆ ಸಿಗುವಂಥದಲ್ಲ. ಎರಕದ ಮನೆಯಲ್ಲಿ ಅಚ್ಚು ಮಾಡಿ, ಸುರಿದು, ಒಡೆದು ನೋಡಿ, ಮತ್ತೆ ಸುರಿಯಬೇಕು. ಇನ್ನು ಪರದೇಶದ ನೇಗಿಲಿಗೆ ಒಂದು ದೊಡ್ಡ ಕೊರತೆಯಿತ್ತು. ಕುಳ ಸವೆದರೆ ಬದಲಿ ಕುಳ ಸಮುದ್ರ ದಾಟಿ ಬರಬೇಕು. ಊರ ಹತ್ತಿರವೇ ತಯಾರಾಗುವ ನೇಗಿಲಿಗೆ ಬಿಡಿಭಾಗವೂ ಹತ್ತಿರವೇ ಸಿಗುತ್ತದೆ. ಒಬ್ಬಿಬ್ಬರು ಧೈರ್ಯ ಮಾಡಿ ಕೊಂಡರು. ಅವರ ಹೊಲದಲ್ಲಿ ವಿಷವೇರಲಿಲ್ಲ, ಕರಿಕೆ ಸತ್ತಿತು, ಬೆಳೆ ಬಂದಿತು. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ನೋಡಿದ. ಜಾಹೀರಾತಿನಿಂದ ಆಗದ ಕೆಲಸ ಆ ಬದುವಿನ ಮೇಲೆ ಆಯಿತು. ನೇಗಿಲಿಗೆ ಬೇಡಿಕೆ ಹುಟ್ಟಿತು.

ಉದ್ಯೋಗ ಕಾಲೂರುತ್ತಿದೆ ಎನ್ನುವಾಗ ಇನ್ನೊಂದು ಸಂಕಟ ಬಂದಿತು. ಕಾರ್ಯಾಗಾರ ಇದ್ದ ಜಾಗ ನಗರದ ಹೊಸ ಬಡಾವಣೆಗೆ ಬೇಕೆಂದು ಬೆಳಗಾವಿಯ ನಗರಸಭೆ ಜಾಗ ಬಿಡಲು ಅಪ್ಪಣೆ ಮಾಡಿತು. ಕುಲುಮೆ, ಯಂತ್ರ, ಕೆಲಸಗಾರರನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಆ ವೇಳೆಗೆ ಔಂಧ ಸಂಸ್ಥಾನದ ಗಾದಿಗೆ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಬಂದಿದ್ದರು. ನಮ್ಮ ನೆರೆಯ ಆಟಪಾಡಿಯೂ ಇದೇ ಸಂಸ್ಥಾನಕ್ಕೆ ಸೇರಿತ್ತು. ಅವರು ಸ್ವತಃ ಚಿತ್ರಕಾರರು, ಸೂರ್ಯನಮಸ್ಕಾರವನ್ನು ಜನರಲ್ಲಿ ಹರಡಿದವರು, ಲಕ್ಷ್ಮಣರಾಯರನ್ನು ಬಲ್ಲವರು. ಔಂಧದಲ್ಲಿ ಒಂದು ಸಭಾಮಂಟಪ ಕಟ್ಟುವ ಕೆಲಸವನ್ನು ಲಕ್ಷ್ಮಣರಾಯರಿಗೆ ವಹಿಸಿದ್ದರು. ಇವರ ಅಡಚಣೆಯನ್ನು ತಿಳಿದು, ಕುಂಡಲ ರೋಡ ನಿಲ್ದಾಣದ ಹತ್ತಿರ 32 ಎಕರೆ ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು.

1910ರಲ್ಲಿ ಲಕ್ಷ್ಮಣರಾಯರು 25 ಜನ ಕೆಲಸಗಾರರು ಹಾಗೂ ಅವರ ಕುಟುಂಬಗಳೊಂದಿಗೆ ಅಲ್ಲಿಗೆ ಬಂದು ಇಳಿದರು. ಮೊದಲ ಕೆಲಸ ಡಬಗಳ್ಳಿ ಕಡಿಯುವುದು, ಹಾವುಗಳನ್ನು ದೂರ ಮಾಡುವುದು. ಅಂಗಡಿಯಿಲ್ಲ, ಶಾಲೆಯಿಲ್ಲ, ವೈದ್ಯರಿಲ್ಲ. ಇದ್ದದ್ದು ರೈಲು ನಿಲ್ದಾಣವೊಂದೇ. ಆದರೆ ಲಕ್ಷ್ಮಣರಾಯರ ಕಣ್ಣಿಗೆ ಅದೇ ದೊಡ್ಡ ಆಸ್ತಿ. ಕಬ್ಬಿಣ ಅಲ್ಲಿಗೇ ಬಂದು ಇಳಿಯುತ್ತದೆ, ನೇಗಿಲು ಅಲ್ಲಿಂದಲೇ ನಾಡಿಗೆಲ್ಲ ಹೋಗುತ್ತದೆ. ಮುಂದೆ ಅಲ್ಲಿ ಮನೆಗಳು ಎದ್ದವು, ಕುಡಿಯುವ ನೀರು ಬಂದಿತು, ಶಾಲೆ ಆಯಿತು. ಆ ಕಾಲಕ್ಕೆ ಇನ್ನೂ ದೊಡ್ಡ ಮಾತೆಂದರೆ, ಅಸ್ಪೃಶ್ಯತೆಗೆ ಈ ಊರಿನಲ್ಲಿ ಜಾಗವಿಲ್ಲವೆಂದು ಲಕ್ಷ್ಮಣರಾಯರು ಕಟ್ಟುನಿಟ್ಟು ಮಾಡಿದರು. ಕೊನೆಗೆ ನಿಲ್ದಾಣದ ಹೆಸರೇ ಬದಲಾಗಿ ಕಿರ್ಲೋಸ್ಕರವಾಡಿ ಎಂದಾಯಿತು.

ಈ ಕಾರಖಾನೆಯನ್ನು ಬೆಳೆಸಿದವರು ಯಾರು? ದೊಡ್ಡ ಪದವಿ ಪಡೆದವರೇ? ಅಲ್ಲ. ಶಂಭುರಾವ ಜಾಂಭೇಕರರು ಓದನ್ನು ನಡುವೆಯೇ ಬಿಟ್ಟವರು. ಅನಂತರಾವ ಫಳಣೀಕರರೂ ಹಾಗೆಯೇ, ಆದರೆ ಹೊಸ ಹೊಸ ಕಲ್ಪನೆಗಳ ಇಂಜಿನಿಯರರಾದರು. ಕೆ. ಕೆ. ಕುಲಕರ್ಣಿಯವರು ಅದಕ್ಕೂ ಮೊದಲು ಕೈಹಾಕಿದ ಉದ್ಯೋಗಗಳಲ್ಲಿ ಸೋತಿದ್ದವರು. ಮಂಗೇಶರಾವ ರೇಗೆಯವರು ಕಾರಕೂನರಾಗಿದ್ದವರು. ಇಂಥವರಲ್ಲಿ ಏನಿಲ್ಲ ಎಂಬುದನ್ನು ಜಗತ್ತು ನೋಡಿತ್ತು, ಏನಿದೆ ಎಂಬುದನ್ನು ಲಕ್ಷ್ಮಣರಾಯರು ನೋಡಿದರು. ಇಷ್ಟೇ ಅಲ್ಲ, ದರೋಡೆ ಮಾಡಿದವರೆಂದು ಹೆಸರು ಪಡೆದವರನ್ನೂ ಕರೆದು ಕಾರಖಾನೆಯ ಕಾವಲಿಗೆ ನಿಲ್ಲಿಸಿದರು. ಅವರು ನಂಬಿಗೆಯಿಂದ ಕಾವಲು ಕಾಯ್ದರು. ಬಣ್ಣ ಕಾಣದ ತಮ್ಮ ಕಣ್ಣಿನ ಕಥೆಯನ್ನು ಲಕ್ಷ್ಮಣರಾಯರು ಮರೆತಿರಲಿಲ್ಲ. ಒಂದು ಕಡೆ ಸೋತವನು ಎಲ್ಲ ಕಡೆಗೂ ಸೋತವನಲ್ಲ ಎಂಬುದು ಅವರಿಗೆ ಸ್ವಂತ ಅನುಭವದ ಮಾತಾಗಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಹೊತ್ತಿತು. ಪರದೇಶದ ನೇಗಿಲು ಬರುವುದು ಕಡಿಮೆಯಾದ್ದರಿಂದ ಕಿರ್ಲೋಸ್ಕರ ನೇಗಿಲಿಗೆ ಬೇಡಿಕೆ ಏರಿತು. ಆದರೆ ಅದೇ ಯುದ್ಧದಿಂದ ಕಚ್ಚಾ ಕಬ್ಬಿಣ, ಕಲ್ಲಿದ್ದಲು, ಬಣ್ಣ ಎಲ್ಲವೂ ದುರ್ಲಭವಾದವು. ಕೇಳುವವರಿದ್ದಾರೆ, ಮಾಡಲು ಕಬ್ಬಿಣವಿಲ್ಲ. ಆಗ ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಹಳೆಯ ತೋಪುಗಳನ್ನು ಕರಗಿಸಲು ಕೊಟ್ಟರು. ಒಂದು ಕಾಲದಲ್ಲಿ ಕೋಟೆಯ ಮೇಲಿಂದ ಗುಂಡು ಹಾರಿಸುತ್ತಿದ್ದ ಲೋಹ ಕಿರ್ಲೋಸ್ಕರವಾಡಿಯ ಕುಲುಮೆಯಲ್ಲಿ ಕರಗಿ ಒಕ್ಕಲಿಗನ ನೇಗಿಲಾಯಿತು.

1920ರಲ್ಲಿ ಉದ್ಯೋಗದ ಸ್ವರೂಪವನ್ನೇ ಬದಲಿಸಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿಯನ್ನು ನೋಂದಾಯಿಸಿದರು. ಅದುವರೆಗೆ ಅಣ್ಣತಮ್ಮಂದಿರ ಸ್ವಂತದ್ದಾಗಿದ್ದ ಉದ್ಯೋಗದಲ್ಲಿ ಹೊರಗಿನವರೂ ಪಾಲು ಹಾಕುವಂತಾಯಿತು. ಅದೇ ವರ್ಷ ಅಣ್ಣನ ಮಗ ಶಂಕರರಾಯರ ಸಂಪಾದಕತ್ವದಲ್ಲಿ ಕಿರ್ಲೋಸ್ಕರ ಖಬರ ಎಂಬ ಮರಾಠಿ ಪತ್ರಿಕೆ ಹೊರಟಿತು. ಕಾರಖಾನೆಯ ಸುದ್ದಿ ತಿಳಿಸಲು ಹುಟ್ಟಿದ ಆ ಪತ್ರಿಕೆ ಮುಂದೆ ಮಹಾರಾಷ್ಟ್ರದ ಮನೆಮನೆಗಳಲ್ಲಿ ಓದುವ ಮಾಸಪತ್ರಿಕೆಯಾಗಿ ಬೆಳೆಯಿತು. ಲಕ್ಷ್ಮಣರಾಯರ ಮಗ ಶಂತನುರಾಯರು ಹುಟ್ಟಿದ್ದು 1903ರಲ್ಲಿ, ನಮ್ಮ ಸೊಲ್ಲಾಪುರದಲ್ಲಿ. 1922ರಲ್ಲಿ ಅವರನ್ನು ಅಮೇರಿಕೆಯ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ಇಂಜಿನಿಯರಿಂಗ ಕಲಿಯಲು ಕಳಿಸಿದರು. ಜೊತೆಗೆ ಹೋದ ಮನೆತನದ ಇನ್ನೊಬ್ಬ ತರುಣ ಮಾಧವರಾಯರು ಕ್ಷಯರೋಗದಿಂದ ಪರದೇಶದಲ್ಲಿಯೇ ತೀರಿಕೊಂಡರು. ಈ ದುಃಖವನ್ನು ನುಂಗಿಕೊಂಡೇ ಮನೆತನದವರು ಮುಂದಿನ ಕೆಲಸಕ್ಕೆ ನಿಂತರು.

ನೇಗಿಲು ಹೆಸರು ತಂದಿತೆಂದು ಲಕ್ಷ್ಮಣರಾಯರು ನೇಗಿಲಿಗೇ ಅಂಟಿಕೊಂಡು ಕೂಡಲಿಲ್ಲ. ಒಕ್ಕಲಿಗನಿಗೆ ಮುಂದೆ ಏನು ಬೇಕಾಗುತ್ತದೆ ಎಂದು ನೋಡಿದರು. ಕಬ್ಬು ಅರೆಯುವ ಗಾಣ, ಶೇಂಗಾ ಸುಲಿಯುವ ಯಂತ್ರ ಬಂದವು. ಆಗ ಬಾವಿಯ ನೀರನ್ನು ಎತ್ತು ಕಟ್ಟಿ ಚರ್ಮದ ಚೀಲದಿಂದ ಎತ್ತುತ್ತಿದ್ದರು. ಎತ್ತು ಹಿಂದೆ ಮುಂದೆ ದಿನವಿಡೀ ನಡೆದರೂ ನೆನೆಯುತ್ತಿದ್ದುದು ಚಿಕ್ಕ ತುಂಡು ಹೊಲ. ಆ ಕೆಲಸವನ್ನು ಯಂತ್ರದಿಂದ ಮಾಡಿಸಲು 1926ರ ಹೊತ್ತಿಗೆ ಕಿರ್ಲೋಸ್ಕರವಾಡಿಯಲ್ಲಿ ನೀರೆತ್ತುವ ಪಂಪು ತಯಾರಾಯಿತು. ಇಂದು ನಮ್ಮ ತಾಲೂಕಿನ ಒಕ್ಕಲಿಗರಿಗೆ ಕಿರ್ಲೋಸ್ಕರ ಎಂದರೆ ಮೊದಲು ನೆನಪಾಗುವುದು ನೇಗಿಲಲ್ಲ, ಬಾವಿಯ ಪಂಪು. ಜಗತ್ತಿನಲ್ಲೆಲ್ಲ ವ್ಯಾಪಾರ ಕುಸಿದ 1930ರ ನಂತರದ ವರ್ಷಗಳಲ್ಲಿ ಒಕ್ಕಲಿಗರ ಕೈಯಲ್ಲಿ ಹಣವಿರಲಿಲ್ಲ, ನೇಗಿಲಿನ ಮಾರಾಟ ಇಳಿಯಿತು. ಆಗ ಅದೇ ಕಾರಖಾನೆಯಲ್ಲಿ ಕುರ್ಚಿ, ಮಂಚ ಮೊದಲಾದ ಉಕ್ಕಿನ ಸಾಮಾನುಗಳನ್ನು ಮಾಡಿದರು.

ನಂತರ ಉದ್ಯೋಗ ಮತ್ತೆ ಕನ್ನಡ ನಾಡಿನ ಕಡೆಗೆ ಹರಿಯಿತು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಲೇಥು ತಯಾರಿಸುವ ಮೈಸೂರ ಕಿರ್ಲೋಸ್ಕರ ಕಾರಖಾನೆ ಆರಂಭವಾಯಿತು. ಯಂತ್ರಗಳನ್ನು ಮಾಡುವ ಯಂತ್ರವೇ ಲೇಥು. ಅದು ಹಲವು ದಶಕಗಳ ಕಾಲ ಅಲ್ಲಿ ನಡೆದು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಂಪನಿಯೂ ಪುಣೆಯಲ್ಲಿ ಆಯಿಲ್ ಇಂಜಿನ್ನಿನ ಕಂಪನಿಯೂ ಸ್ಥಾಪನೆಯಾದವು.

ಲಕ್ಷ್ಮಣರಾಯರ ಮುಪ್ಪಿನಲ್ಲಿ ಇನ್ನೊಂದು ಪೆಟ್ಟು ಬಿದ್ದಿತು. 1948ರಲ್ಲಿ ಮಹಾತ್ಮಾ ಗಾಂಧಿಯವರ ಹತ್ಯೆಯಾದ ಮೇಲೆ ಈ ಭಾಗದಲ್ಲಿ ಎದ್ದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರಖಾನೆಗೆ ಬೆಂಕಿ ಹಚ್ಚಿದರು. ಆ ಹತ್ಯೆಗೂ ಈ ಕಾರಖಾನೆಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ರೊಚ್ಚಿಗೆದ್ದ ಗುಂಪಿಗೆ ವಿವೇಕವೆಲ್ಲಿ? ಆಗ ಅವರಿಗೆ 78 ವರ್ಷ ವಯಸ್ಸು. ಸುಟ್ಟದ್ದನ್ನು ಮತ್ತೆ ಕಟ್ಟಲಾಯಿತು, ಕಾರಖಾನೆ ಮತ್ತೆ ನಡೆಯಿತು. 1956ನೆಯ ಇಸವಿ ಸಪ್ಟೆಂಬರ್ 26ರಂದು ಲಕ್ಷ್ಮಣರಾಯರು ಇಹಲೋಕದ ಯಾತ್ರೆ ಮುಗಿಸಿದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರಕಾರ ಅವರ ಚಿತ್ರವಿರುವ ಅಂಚೆ ಚೀಟಿಯನ್ನು ಹೊರಡಿಸಿತು.

ಈ ಜೀವನದಿಂದ ನಾವು ಏನು ಕಲಿಯಬೇಕು? ಲಕ್ಷ್ಮಣರಾಯರಷ್ಟು ದೊಡ್ಡ ಉದ್ಯೋಗ ಎಲ್ಲರಿಂದಲೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಅವರು ಮಾಡಿದ ಬದಲಾವಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಕಾಣುತ್ತದೆ. ಅವುಗಳಲ್ಲಿ ಬಹಳಷ್ಟು ಸಣ್ಣವು. ಸೈಕಲ್ಲು ಮಾರುವಾಗ ಹೊಡೆಯಲು ಕಲಿಸಿದ್ದು, ಮೇವನ್ನು ಸಣ್ಣಗೆ ಕತ್ತರಿಸಿದ್ದು, ಕುಳದ ಕಬ್ಬಿಣದ ಹದ ತಿದ್ದಿದ್ದು, ಓದು ಬಿಟ್ಟ ಹುಡುಗನಿಗೆ ಕೆಲಸ ಕೊಟ್ಟದ್ದು. ಊರನ್ನೇ ಕಟ್ಟಿದ್ದು, ನೇಗಿಲಿನಿಂದ ಪಂಪಿಗೆ ಹೋದದ್ದು ದೊಡ್ಡವು. ಚಿಕ್ಕದಿರಲಿ ದೊಡ್ಡದಿರಲಿ, ಪ್ರತಿಯೊಂದೂ ಯಾರದೋ ಒಂದು ಅಡಚಣೆಯನ್ನು ಕಿವಿಗೊಟ್ಟು ಕೇಳಿದ್ದರಿಂದ ಹುಟ್ಟಿತು. ಕೊಳ್ಳುವವನು ಒಲ್ಲೆ ಎಂದಾಗ ಅವನನ್ನು ದಡ್ಡನೆಂದು ಬಗೆಯದೆ, ಏಕೆ ಒಲ್ಲನೆಂದು ವಿಚಾರಿಸಿದ್ದರಿಂದ ಹುಟ್ಟಿತು.

ಪಾಲಕರಲ್ಲಿಯೂ ನನ್ನದೊಂದು ವಿನಂತಿ. ಪರೀಕ್ಷೆಯ ಫಲಿತಾಂಶ ಬಂದ ದಿನ ಪ್ರತಿ ವರ್ಷ ಕೆಲವು ಮಕ್ಕಳು ಶಾಲೆಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂಡುತ್ತಾರೆ. ಮನೆಗೆ ಹೋಗಲು ಅವರಿಗೆ ಭಯ. ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಈ ನೋಟ ನನಗೆ ತಪ್ಪಿಲ್ಲ. ಅಂಥ ಮಗನ ಅಥವಾ ಮಗಳ ಕೈಯಲ್ಲಿ ಏನು ಉಳಿದಿದೆ ಎಂಬುದನ್ನು ಆ ದಿನ ನೀವು ನೋಡಿರಿ. ಕೆಟ್ಟ ಪಂಪನ್ನು ಬಿಚ್ಚಿ ಜೋಡಿಸುವ ಹುಡುಗ ನಿಮ್ಮ ಮನೆಯಲ್ಲಿಯೇ ಇರಬಹುದು. ಕಿರಾಣಿ ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಹೇಳುವ ಹುಡುಗಿ ಇರಬಹುದು. ರಾಮುಅಣ್ಣ ತಮ್ಮನ ಬೆನ್ನಿಗೆ ನಿಂತ ಹಾಗೆ ಅವರ ಬೆನ್ನಿಗೂ ಒಬ್ಬರು ನಿಲ್ಲಬೇಕು.

ವಿದ್ಯಾರ್ಥಿ ಮಿತ್ರರೆ, ನಿಮ್ಮಲ್ಲಿ ಕೆಲವರು ನಾಳೆ ತಂದೆಯ ಅಂಗಡಿಯನ್ನು ನೋಡಿಕೊಳ್ಳುವಿರಿ. ಕೆಲವರು ಹೊಲ, ದ್ರಾಕ್ಷಿ ತೋಟ, ಹಾಲಿನ ವ್ಯಾಪಾರ ಹಿಡಿಯುವಿರಿ. ಅದನ್ನು ತಂದೆ ನಡೆಸಿದಂತೆಯೇ ನಡೆಸಬೇಕೆಂದೇನೂ ಇಲ್ಲ, ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಬೇಕೆಂದೂ ಇಲ್ಲ. ನಿಮ್ಮ ಬಾಗಿಲಿಗೆ ಬಂದವನು ಯಾವುದಕ್ಕೆ ಹಿಂಜರಿಯುತ್ತಾನೆ ಎಂದು ನೋಡಿ, ಅದೊಂದನ್ನು ತಿದ್ದಿರಿ. ಮುಂದಿನ ಸಲ ಕಿರ್ಲೋಸ್ಕರವಾಡಿಯಲ್ಲಿ ರೈಲು ನಿಂತಾಗ ಕಿಟಕಿಯಿಂದ ಒಂದು ಕ್ಷಣ ಹೊರಗೆ ನೋಡಿರಿ. ಎರಡು ವರ್ಷ ಮಾರಾಟವಾಗದೆ ಬಿದ್ದಿದ್ದ ನೇಗಿಲುಗಳು ಆ ಊರನ್ನು ಕಟ್ಟಿದವು ಎಂಬುದು ನಿಮ್ಮ ನೆನಪಿನಲ್ಲಿರಲಿ.